ಅಮಾತೊ ಸಾಯುತ್ತಾನೆ, ಅಮಾತೊ ಸತ್ತ

ಗೋಡೆಗೆ ಕಾಗದ ಅಂಟಿಸುವವನು ಎಂಟನೇ ಕ್ಲಾಸು ಪಾಸಾಗಿರಬೇಕು ಎಂದು ಯಾವನು ಕಾನೂನು ಮಾಡಿದನೋ, ಅವನನ್ನು ಒಂದು ದಿನ ಚಳಿಯಲ್ಲಿ ಏಣಿ ಹತ್ತಿಸಿ, ಕೈಗೆ ಗೋಂದಿನ ಬ್ರಷ್ಷು ಕೊಟ್ಟು ನಿಲ್ಲಿಸಬೇಕು. ಗೋಡೆ ಕೇಳಿತ್ತೇ ಸರ್ಟಿಫಿಕೇಟು? ಗೋಂದು ಕೇಳಿತ್ತೇ? ಸತ್ತವನಂತೂ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ.

ಕಾಸ್ತೆಲ್‌ರೊವೆತೊ ಊರಿನಲ್ಲಿ ಯಾರೇ ಸತ್ತರೂ ಅವರ ಹೆಸರಿನ ಕಪ್ಪು ಅಂಚಿನ ಕಾಗದವೊಂದು ಚೌಕದ ಗೋಡೆಗೆ ಬೀಳಬೇಕು. ಅದು ಬೀಳುವವರೆಗೆ ಸತ್ತವನು ಸತ್ತ ಲೆಕ್ಕಕ್ಕೆ ಇಲ್ಲ. ಅದನ್ನು ಅಂಟಿಸುವವನು ಸಬೀನೊ, ಪುರಸಭೆಯ ಹಂಗಾಮಿ ನೌಕರ. ಮದುವೆಯಾದಾಗಲೂ ಹಂಗಾಮಿ, ಮಗಳ ಮದುವೆ ಮಾಡಿದಾಗಲೂ ಹಂಗಾಮಿ. ಈಗ ಆ ಹುದ್ದೆ ಖಾಯಂ ಆಗುವುದಿತ್ತು. ಇವತ್ತು ಸಂಜೆ ಪುರಸಭೆಯ ಬಾಗಿಲು ಹಾಕುವುದರೊಳಗೆ ಸರ್ಟಿಫಿಕೇಟು ತಂದರೆ ಸರಿ, ಇಲ್ಲವಾದರೆ ಬ್ರಷ್ಷು ಕೆಳಗಿಟ್ಟು ಮನೆಗೆ ನಡೆ ಎಂದಿದ್ದರು. ಅದಕ್ಕಾಗಿ ಚಳಿಗಾಲವಿಡೀ ದೊಡ್ಡವರ ಸಂಜೆ ಶಾಲೆಯಲ್ಲಿ ಚಿಕ್ಕ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಕೂತಿದ್ದ. ಇವತ್ತು ಮಧ್ಯಾಹ್ನ ಬಾಯಿಪಾಠದ ಪರೀಕ್ಷೆ.

ಶಾಲೆಯ ಟೀಚರ್ ಸಿನ್ಯೋರಾ ವೆತ್ರಾನೊ ಅವರವರ ಕಸುಬು ನೋಡಿ ಕ್ರಿಯಾಪದ ಹಂಚಿದ್ದರು. ಬೇಕರಿಯವನಿಗೆ ‘ಬೇಯಿಸು’. ಲಾರಿಯವನಿಗೆ ‘ಹೋಗು’. ಸಬೀನೊನಿಗೆ ‘ಸಾಯು’.

ಆ ಊರಿನ ಭಾಷೆಯಲ್ಲಿ ಈ ‘ಸಾಯು’ ನೆಟ್ಟಗೆ ನಡೆಯುವ ಪದವಲ್ಲ. ನಾನು ಸತ್ತರೆ ಮುವೊಯೊ, ನೀನು ಸತ್ತರೆ ಮುವೊರಿ, ಅವನು ಸತ್ತರೆ ಮುವೊರೆ. ದಾರಿ ಸಿಕ್ಕಿತು ಅನ್ನುವಷ್ಟರಲ್ಲಿ ನಾವೆಲ್ಲ ಸತ್ತರೆ ಮೊರಿಯಾಮೊ! ಒಬ್ಬೊಬ್ಬರೇ ಸಾಯುವಾಗ ‘ವೊ’ ಎಂದು ಉಬ್ಬಿದ್ದ ಪದದ ಹೊಟ್ಟೆ ಒಟ್ಟಿಗೆ ಸಾಯುವಾಗ ಒಳಗೆ ಸೇರಿಕೊಳ್ಳುತ್ತದೆ. ಅವರೆಲ್ಲ ಸತ್ತರೆ ಮತ್ತೆ ಉಬ್ಬುತ್ತದೆ. ಸಾಯುವುದರಲ್ಲೂ ಇಷ್ಟು ತಾರತಮ್ಯವೇ?

“‘ಅವನು’ ಅಂದ್ರೆ ಯಾರು ಸಬೀನೊ? ಗಾಳೀಲಿರೋನು ತಲೇಲಿ ನಿಲ್ಲಲ್ಲ. ದಿನಾ ಕಣ್ಣಿಗೆ ಬೀಳೋ ಒಬ್ಬನ್ನ ಆ ಜಾಗದಲ್ಲಿ ಕೂರಿಸಿ, ತಾನಾಗೇ ಬರುತ್ತೆ” ಎಂದಿದ್ದರು ಟೀಚರ್.

ಏಣಿಯ ಮೇಲೆ ನಿಂತರೆ ಸಬೀನೊನ ಕಣ್ಣಿಗೆ ನೇರ ಬೀಳುವುದು ಕ್ಷೌರಿಕ ಅಮಾತೊನ ಅಂಗಡಿ. ಅವನನ್ನೇ ಕೂರಿಸಿದ.

ಆ ಬೆಳಿಗ್ಗೆ ಮೇಲ್ಗೇರಿಯ ಮುದುಕಿಯೊಬ್ಬಳ ಕಾಗದವಿತ್ತು. ಸಬೀನೊ ಏಣಿ ಹತ್ತಿ, ಬೆನ್ನಿನಿಂದ ಕಾಗದವನ್ನು ಮರೆಮಾಡಿಕೊಂಡು, ಬ್ರಷ್ಷು ಎಳೆದಂತೆ ಒಂದೊಂದು ರೂಪ ಒದರತೊಡಗಿದ. ಅವನ ದನಿ ಬಿರುಕು ಬಿಟ್ಟ ಹಂಡೆಯದು. ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತಿಲ್ಲ.

“ಅಮಾತೊ ಸಾಯುತ್ತಾನೆ! ಅಮಾತೊ ಸತ್ತ! ಅಮಾತೊ ಸತ್ತಿದ್ದ!”

ಕೆಳಗೆ ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದ ದೊನ್ನಾ ಮಿಕೆಲಿನಾ ಕಲ್ಲಾಗಿ ನಿಂತಳು. ಮೇಲೆ ಕಪ್ಪು ಅಂಚು ಕಾಣುತ್ತಿದೆ. ಅಂಟಿಸುವವನೇ ಹೆಸರು ಕೂಗುತ್ತಿದ್ದಾನೆ. ಇನ್ನೇನು ಬೇಕು?

“ಅಯ್ಯೋ ಮಡೋನ್ನಾ! ನಿನ್ನೆ ಸಂಜೆ ಗುಂಡುಕಲ್ಲಿನಂಗಿದ್ನಲ್ಲೋ!”

ಸಬೀನೊನ ಕಿವಿಗಳು ಅವನ ಬಾಯಿಗೇ ಮೀಸಲಾಗಿದ್ದವು. ಅವಳ ಮಾತು ಅವನಿಗೆ ಕೇಳಿಸಲಿಲ್ಲ. ಅವಳು ಓಡಿದಳು. ಕಾರಂಜಿ ದಾಟುವಷ್ಟರಲ್ಲಿ ಹಿಂದೆ ಅರ್ಧ ಬೀದಿ ಓಡುತ್ತಿತ್ತು.

ಅಮಾತೊ ಆಗ ಪುರಸಭೆಯ ಕಾರ್ಯದರ್ಶಿ ಪಲುಂಬೊನ ಗದ್ದ ಎತ್ತಿಹಿಡಿದು ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂದಿದ್ದ. ಬಾಗಿಲಲ್ಲಿ ಹೆಂಗಸರ ಗೋಳು ಕೇಳಿ ತಿರುಗಿದ.

“ಯಾರು ಹೋದ್ರು ದೊನ್ನಾ ಮಿಕೆಲಿನಾ?”

“ನೀನೇ ಕಣಪ್ಪಾ ಅಮಾತೊ!”

“ಅಯ್ಯಯ್ಯೋ! ಎಷ್ಟೊತ್ತಿಗೆ?” ಎಂದ ಅಮಾತೊ.

ಅಷ್ಟರಲ್ಲಿ ಚೌಕದಿಂದ ಹಂಡೆಯ ದನಿ ಬಂತು. “ಅಮಾತೊ ಸಾಯುವನು! ಅಮಾತೊ ಸತ್ತಿರುವನು! ಅಮಾತೊ ಸಾಯಲಿ! ಸಾಯಿ, ಅಮಾತೊ, ಸಾಯಿ!”

ಕತ್ತಿ ಜಾರಿತು. ಕಾರ್ಯದರ್ಶಿ ಹಂದಿ ಕೊಯ್ದಂತೆ ಕಿರುಚಿದ. ಬಲಗೆನ್ನೆಯ ಸೋಪಿನ ನೊರೆಯೆಲ್ಲ ಕೆಂಪಾಯಿತು. ಅಂಗಡಿಯಲ್ಲಿದ್ದವರು ಕೆಟ್ಟ ಮಾತಿನ ಗಾಳಿ ತಾಗದಿರಲೆಂದು ಕೈಗೆ ಸಿಕ್ಕ ಕಬ್ಬಿಣ ಹಿಡಿದುಕೊಂಡರು. ಒಬ್ಬ ಕುರ್ಚಿಯ ಕಾಲು, ಒಬ್ಬ ನಲ್ಲಿ, ಒಬ್ಬ ಇನ್ನೊಬ್ಬನ ಬೆಲ್ಟಿನ ಬಕಲು. ಕಬ್ಬಿಣ ಸಿಗದ ಗಂಡಸರ ಕೈ ಇಂಥ ಹೊತ್ತಿನಲ್ಲಿ ಆ ಊರಿನ ವಾಡಿಕೆಯಂತೆ ತೊಡೆಸಂದಿಗೇ ಹೋಯಿತು. ಅಮಾತೊ ಮಾತ್ರ ಏನನ್ನೂ ಹಿಡಿಯದೆ, ಒದ್ದೆ ಟವಲಿನ ಹಾಗೆ ನೆಲಕ್ಕೆ ಜಾರಿದ.

ಅವನನ್ನು ಮನೆಗೆ ಹೊತ್ತು ಹಾಸಿಗೆಗೆ ಹಾಕಿದರು. ಹೆಂಡತಿ ಇಂಕೊರೊನಾತ ಒಲೆಯ ಮುಂದಿನ ಕಬ್ಬಿಣದ ಸಲಾಕೆ ಹಿಡಿದು ಚೌಕಕ್ಕೆ ಬಂದವಳೇ ಏಣಿ ಅಲ್ಲಾಡಿಸಿದಳು. ಏಣಿಯ ತುದಿಗೆ ನೇತುಹಾಕಿದ್ದ ಬಕೆಟ್ಟಿನ ಗೋಂದೆಲ್ಲ ಸಬೀನೊನ ತಲೆಯ ಮೇಲೆ ಸುರಿಯಿತು.

“ನಿನ್ನ ನಾಲಿಗೆ ಸೇದೋಗ! ನನ್ನ ಗಂಡ ನಿನಗೇನು ಮಾಡಿದ್ದ? ಹೋದ ವಾರ ಪುಕ್ಕಟೆ ಮೀಸೆ ಕತ್ತರಿಸಿಲ್ವಾ?”

“ಪಾಠ ಕಣಮ್ಮಾ, ಪಾಠ! ಮಧ್ಯಾಹ್ನ ಪರೀಕ್ಷೆ! ಅಮಾತೊ ಬರೀ ‘ಅವನು’ ಅಷ್ಟೆ!”

“ನಿನ್ನ ಹೆಸರೇ ಹಾಕ್ಕೊಂಡು ಸಾಯಕ್ಕೇನು ರೋಗ?”

“‘ನಾನು’ ಅನ್ನೋ ಕಡೆ ಆಗ್ಲೇ ನಾನಿದೀನಲ್ಲ!”

“ಅದೆಲ್ಲ ನಂಗೊತ್ತಿಲ್ಲ. ಬಾಯಲ್ಲಿ ಕೊಂದಿದೀಯ, ಬಾಯಲ್ಲೇ ಬದುಕಿಸು. ನಡಿ!”

ಓದು ಬರದವರು ಮಾತಿಗೆ ಹೆದರುತ್ತಾರೆ ಎಂದು ಪಟ್ಟಣದವರು ನಗುತ್ತಾರೆ. ನಗಲಿ. ಅಮಾತೊನ ಹಾಸಿಗೆಯ ಸುತ್ತ ಆಗ ಔಷಧಿ ಅಂಗಡಿಯ ಡಿಗ್ರಿಯವನೂ ಇದ್ದ, ಕೆಡುಕು ತಾಗದಿರಲೆಂದು ಅವನ ಬೆರಳುಗಳೂ ಕೊಂಬಿನಂತೆ ನೆಲದ ಕಡೆ ಚಾಚಿದ್ದವು.

ಸಬೀನೊ ‘ಬದುಕು’ ಓದಿರಲಿಲ್ಲ. ಅದೂ ‘ಸಾಯು’ವಿನಷ್ಟೇ ವಕ್ರ. ಆದರೂ ತಲೆಯಿಂದ ಗೋಂದು ಇಳಿಯುತ್ತಿದ್ದಂತೆಯೇ ಶುರುಮಾಡಿದ. “ಅಮಾತೊ ಬದುಕುತ್ತಾನೆ. ಅಮಾತೊ ಬದುಕಿದ್ದ.”

“ನಿಲ್ಸು!” ಅಮಾತೊ ಹಾಸಿಗೆಯಿಂದ ಎದ್ದು ಕೂತ. “‘ಬದುಕಿದ್ದ’ ಅಂದ್ರೆ ಮುಗೀತು ಅಂತಲ್ವೇನೋ? ಇದು ಮೊದಲಿಗಿಂತ ಕೆಟ್ಟದು!”

“ಭೂತಕಾಲ ಕಣೋ ಕುಂಪಾ, ಗೆಳೆಯಾ. ಬಿಡೋ ಹಂಗಿಲ್ಲ.”

“ನಂಗೆ ಭೂತ ಬೇಡ. ಭವಿಷ್ಯತ್ತು ಹೇಳು. ಎರಡು ಸಲ ಹೇಳು.”

“ಅಮಾತೊ ಬದುಕುವನು. ಅಮಾತೊ ಬದುಕುವನು.”

“ಗಟ್ಟಿಯಾಗಿ!”

ಮುಂದಿನ ರೂಪ ‘ವಿಸ್ಸೆ’ಯೋ ‘ವಿವೆ’ಯೋ ಎಂದು ಔಷಧಿ ಅಂಗಡಿಯವನಿಗೂ ಮಿಕೆಲಿನಾಳಿಗೂ ಜಗಳ ಹತ್ತಿತು. ಮಿಕೆಲಿನಾಳ ಗಂಡ ಮಧ್ಯೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ. ಇಂಕೊರೊನಾತ ಸಲಾಕೆ ಕುಟ್ಟಿ, “ತಪ್ಪು ಹೇಳಿದ್ರೆ ಅರ್ಧ ಮಾತ್ರ ಬದುಕಿಬಿಟ್ಟಾನು, ಸರಿಯಾಗಿ ನೋಡ್ರೋ!” ಎಂದು ಗದರಿಸಿದಳು. ಬದುಕಲಿ, ಬದುಕಬಹುದು, ಬದುಕಿಯಾನು, ಬದುಕು ಅಮಾತೊ ಬದುಕು! ಇಡೀ ಕೋಣೆ ಜಪದಂತೆ ಒಟ್ಟಿಗೆ ಹೇಳಿತು. ಅಮಾತೊನ ಕೆನ್ನೆಗೆ ಬಣ್ಣ ಬಂತು. ಒಂದು ಬಟ್ಟಲು ಸಾರು ಕೇಳಿ ಕುಡಿದ. ಕೈ ಮಾತ್ರ ಗಡಗಡ ನಡುಗುತ್ತಲೇ ಇತ್ತು. ಚಮಚ ಬಟ್ಟಲಿಗೆ ಬಡಿದು ಗಂಟೆಯಂತೆ ಸದ್ದು ಮಾಡುತ್ತಿತ್ತು.

ಸಬೀನೊ ಗಡಿಯಾರ ನೋಡಿದ. ಪರೀಕ್ಷೆ!

ಅವನು ಓಡಿದ. ಹಿಂದೆಯೇ ಊರೂ ಓಡಿತು, ಇನ್ನು ಯಾರನ್ನು ಕೊಲ್ಲುತ್ತಾನೋ ಎಂದು. ಶಾಲೆಯ ಬಾಗಿಲಲ್ಲಿ ಇಂಕೊರೊನಾತ ಸಲಾಕೆ ಊರಿ ನಿಂತಳು.

ಮೂವರು ಪರೀಕ್ಷಕರ ನಡುವೆ ಸಿನ್ಯೋರಾ ವೆತ್ರಾನೊ ಕೂತಿದ್ದರು. ಸಬೀನೊನ ಗೋಂದು ಒಣಗಿ ನಿಮಿರಿದ ಕೂದಲನ್ನು ಕಣ್ಣರಳಿಸಿ ನೋಡಿದರು. ಆಮೇಲೆ ಹೇಳಿದರು: “ಶುರುಮಾಡಿ. ‘ಸಾಯು’. ಎಲ್ಲ ಕಾಲ, ಎಲ್ಲ ಅರ್ಥ.”

“ನಾನು ಸಾಯುತ್ತೇನೆ” ಎಂದ ಸಬೀನೊ. ಅದು ಸಲೀಸು.

“ನೀನು?”

ಬಾಗಿಲ ಕಡೆ ನೋಡಿದ. ಒಬ್ಬೊಬ್ಬರ ಮುಖವೂ ಸುಣ್ಣ ಬಳಿದಂತಿತ್ತು. ಅವನ ಕಣ್ಣು ತಮ್ಮ ಮೇಲೆ ನಿಂತೀತೆಂದು ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು. ಮಿಕೆಲಿನಾ ಮುಖಕ್ಕೆ ಸೊಪ್ಪಿನ ಚೀಲ ಹಿಡಿದುಕೊಂಡಿದ್ದಳು.

ಸಬೀನೊ ತನ್ನ ಎದೆಗೇ ಬೆರಳು ತೋರಿಸಿದ. “ನೀನು ಸಾಯುತ್ತೀಯೆ, ಸಬೀನೊ.”

“ಅವನು?”

“ಸಬೀನೊ ಸಾಯುತ್ತಾನೆ.”

“ಅವರು?”

“ಎಲ್ಲ ಸಬೀನೊಗಳೂ ಸಾಯುತ್ತಾರೆ.”

ಆಮೇಲೆ ಅವನು ನಿಲ್ಲಲಿಲ್ಲ. ಸಬೀನೊ ಸತ್ತ, ಸತ್ತಿದ್ದ, ಸಾಯುವನು, ಸತ್ತಿರುವನು. ಸಂಭಾವನಾರ್ಥದಲ್ಲಿ ಸತ್ತಾನು, ವಿಧ್ಯರ್ಥದಲ್ಲಿ ಸಾಯಲಿ. ಪದದ ಹೊಟ್ಟೆ ಉಬ್ಬಬೇಕಾದಲ್ಲಿ ಉಬ್ಬಿಸಿದ, ಇಳಿಯಬೇಕಾದಲ್ಲಿ ಇಳಿಸಿದ. ಕೊನೆಗೆ ಎದೆ ಬಡಿದುಕೊಂಡು “ಸಾಯಿ, ಸಬೀನೊ, ಸಾಯಿ!” ಎಂದು ಕಿಟಕಿ ಗಾಜು ಅದುರುವಂತೆ ಒದರಿ ಕೂತ.

ಒಂದೇ ಒಂದು ತಪ್ಪಿರಲಿಲ್ಲ. ಸಿನ್ಯೋರಾ ವೆತ್ರಾನೊ ಕಣ್ಣೊರೆಸಿಕೊಂಡು ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಸಬೀನೊ ಹೊರಗೆ ಬಂದ, ಚಪ್ಪಾಳೆ ಬೀಳುತ್ತದೆ ಅಂದುಕೊಂಡು. ಬೀಳಲಿಲ್ಲ. ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು. ಇಂಕೊರೊನಾತ ಸಲಾಕೆ ಬಿಸಾಡಿ, ಶವಪೆಟ್ಟಿಗೆಯಲ್ಲಿ ಮಲಗಿಸಿದವರಿಗೆ ಕೊಡುವಂತೆ ಅವನ ಹಣೆಗೆ ಮುತ್ತಿಟ್ಟಳು.

“ಎಂಥಾ ದೊಡ್ಡ ಮನಸ್ಸಪ್ಪ ನಿಂದು” ಎಂದು ಬಿಕ್ಕಿದಳು ಮಿಕೆಲಿನಾ. “ನಿನ್ನ ಹೆಂಡ್ತಿಗೆ ರಾತ್ರಿ ಅಡಿಗೆ ಮಾಡ್ಬೇಡ ಅನ್ನು. ನಾವೇ ತಂದುಕೊಡ್ತೀವಿ.”

“ನನಗೇನೂ ಆಗಿಲ್ಲ ಕಣ್ರೇ! ಪಾಸಾಗಿದೀನಿ!”

“ಹೂಂ ಕಣಪ್ಪ, ಹೂಂ” ಎಂದು ಎಲ್ಲರೂ ಮೆಲ್ಲಗೆ ತಲೆಯಾಡಿಸಿದರು. ಯಾರೂ ಹತ್ತಿರ ಬರಲಿಲ್ಲ.

ಸಬೀನೊ ಪುರಸಭೆಗೆ ಓಡಿದ. ಬಾಗಿಲು ಇನ್ನೂ ತೆರೆದೇ ಇತ್ತು. ಕಾರ್ಯದರ್ಶಿ ಪಲುಂಬೊ ಒಂದು ಕೆನ್ನೆ ನುಣ್ಣಗೆ, ಇನ್ನೊಂದಕ್ಕೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ. ಸಬೀನೊ ಮೇಜಿನ ಮೇಲೆ ಸರ್ಟಿಫಿಕೇಟು ಇಟ್ಟ. ಪಲುಂಬೊ ಮೊದಲು ಕುರ್ಚಿಯ ಕಬ್ಬಿಣ ಹಿಡಿದುಕೊಂಡು, ಆಮೇಲೆ ಅದನ್ನು ಓದಿದ.

“ಪಾಸಾಗಿದೀಯ. ಸಂತೋಷ. ಆದ್ರೆ ಹುದ್ದೆ ತುಂಬಿಬಿಟ್ಟಿದೀವಲ್ಲಪ್ಪ.”

“ಏನಂದ್ರಿ?”

“ಇನ್ನೊಬ್ಬ ಬಂದ. ಎಂಟನೇ ಕ್ಲಾಸು ಯಾವತ್ತೋ ಪಾಸು. ಪಾಪ, ಅವನ ಕಸುಬು ಇವತ್ತಿಗೆ ಮುಳುಗೋಯ್ತು. ಆ ನಡುಗೋ ಕೈಗೆ ಇನ್ನು ಈ ಊರಲ್ಲಿ ಯಾವನೂ ಕುತ್ತಿಗೆ ಕೊಡಲ್ಲ, ನಾನಂತೂ ಕೊಡಲ್ಲ. ಬ್ರಷ್ಷಾದ್ರೆ ನಡುಗಿದ್ರೂ ನಡೀತದೆ.”

ಸಬೀನೊ ಮೇಜು ಗುದ್ದಿ ಕೂಗಿದ. “ಆ ಕ್ಷೌರದವನಿಗಾ? ನಾನಿನ್ನೂ ಬದುಕಿದೀನಿ ಸ್ವಾಮೀ! ನೋಡಿ, ಮುಟ್ಟಿ ನೋಡಿ!”

ಪಲುಂಬೊ ಮುಟ್ಟಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡ. “ಬೇಜಾರಾಗ್ಬೇಡ ಸಬೀನೊ. ಇಡೀ ಊರು ಕೇಳಿದೆ, ಯಾರು ಬದುಕ್ತಾರೆ ಅಂದೆ, ಯಾರು ಸಾಯ್ತಾರೆ ಅಂದೆ ಅಂತ. ಖಾಯಂ ಕೆಲಸ ಕಣಪ್ಪ. ಖಾಯಂ ಆಗಿ ಇರೋ ಮನುಷ್ಯ ಬೇಕು.”

ಹಿಂದೆ ಬಾಗಿಲು ಕಿರುಗುಟ್ಟಿತು. ಪುರಸಭೆಯ ಹೊಸ ಟೋಪಿ ಹಾಕಿಕೊಂಡು ಅಮಾತೊ ನಿಂತಿದ್ದ, ಸಾರು ಕುಡಿದು ಕೆಂಪಾದ ಮುಖ. ಊರಿನಲ್ಲಿ ಅವನೊಬ್ಬನೇ ಸಬೀನೊನ ಹತ್ತಿರಕ್ಕೆ ಬಂದು, ಭುಜದ ಮೇಲೆ ನಡುಗುವ ಕೈ ಇಟ್ಟ. ಅವನ ಕಣ್ಣು ತುಂಬಿತ್ತು.

“ಕುಂಪಾ, ನೀನು ಮಾಡಿದ ಉಪಕಾರ ನಾನು ಮರೆಯಲ್ಲ” ಎಂದ. “ಚಿಂತೆ ಮಾಡ್ಬೇಡ. ನಿನ್ನ ಕಾಗದ ನಾನೇ ಕೈಯಾರೆ ಅಂಟಿಸ್ತೀನಿ. ಒಂದು ಗುಳ್ಳೆ ಬರ್ದಂಗೆ.”