ಹಾವೇರಿ ಬಸ್ಸು ಬಂದರೆ ನನ್ನ ಪಾಳಿ ಮುಗಿಯಿತು

ನನ್ನ ತಮ್ಮನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ಶಿರಸಿಯ ಅರ್ಧ ಪೇಟೆ ನಂಬಿಕೊಂಡಿದೆ. ಶುದ್ಧ ಸುಳ್ಳು! ಚೆನ್ನಾಗಿ ಬರುತ್ತದೆ. ಸೆಕೆಂಡಿನ ಮುಳ್ಳನ್ನೂ ಬಿಡದೆ ಓದುತ್ತಾನೆ. ಓದಿಯಾದ ಮೇಲೆ "ಇದು ಸುಳ್ಳು ಹೇಳ್ತು" ಎಂದು ಮುಖ ತಿರುಗಿಸುತ್ತಾನೆ, ಅಷ್ಟೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇಂಥವಳು ಬರೆಯಲು ಕುಳಿತಿದ್ದಾಳಲ್ಲ ಎಂದು ನಗಬೇಡಿ. ನಾನು ಅಜ್ಜಿಯಾಗಿ ಇವತ್ತಿಗೆ ಹನ್ನೊಂದು ದಿನ! ಹಾಲು ಉಕ್ಕುವಾಗ ಪಾತ್ರೆ ಎಷ್ಟು ಓದಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಉಕ್ಕುತ್ತಿದೆ, ಬರೆಯುತ್ತಿದ್ದೇನೆ.

ತಮ್ಮನದು ಬಸ್ ಸ್ಟ್ಯಾಂಡಿನ ಎದುರು ಕಾಫಿ ಅಂಗಡಿ. ತಿಂಡಿ ಇಲ್ಲ, ಊಟ ಇಲ್ಲ, ಚಾ ಅಂತೂ ಇಲ್ಲವೇ ಇಲ್ಲ. ಯಾರಾದರೂ ಹಸಿದು ಬಂದು ಇಡ್ಲಿ ಕೇಳಿದರೆ, "ಇಡ್ಲಿ ಜ್ವರ ಬಂದವರು ತಿನ್ನೋದು. ನಿಮಗೆ ಜ್ವರ ಇದ್ಯಾ?" ಎಂದು ಹಣೆ ಮುಟ್ಟಿ ನೋಡುತ್ತಾನೆ. ಅಲ್ಲಿ ಡಿಕಾಕ್ಷನ್ ಇಳಿಸುವವಳು ನಾನು. ಸ್ವಂತ ಅಕ್ಕ ಎಂಬ ದಾಕ್ಷಿಣ್ಯ ಚೂರೂ ಇಲ್ಲ. ಸೇರಿದ ದಿನವೇ ಬೆರಳೆತ್ತಿ ಹೇಳಿದ: "ಹೊಸ್ತಿಲ ಹೊರಗೆ ನೀನು ಅಕ್ಕ. ಒಳಗೆ ಬಂದ್ರೆ ಮೊದಲ ಪಾಳಿ."

ಅಂದರೆ ಅಂಗಡಿಯೊಳಗೆ ನನಗೆ ಹೆಸರೂ ಇಲ್ಲ, ಸಂಬಂಧವೂ ಇಲ್ಲ! "ಏ ಮೊದಲ ಪಾಳೀ, ಎರಡು ಸ್ಟ್ರಾಂಗು!" ಎಂದು ಕೂಗುತ್ತಾನೆ. ಮಧ್ಯಾಹ್ನದ ಮೇಲೆ ಡಿಕಾಕ್ಷನ್ನಿಗೆ ಬರುವ ಕಮಲಕ್ಕನ ಹೆಸರು ಎರಡನೇ ಪಾಳಿ. ಗ್ಲಾಸು ಹಂಚುವ ಬಸಣ್ಣ ಬನವಾಸಿ ಕಡೆಯವ, ನರೆತ ಮೀಸೆಯ ಮನುಷ್ಯ. ಎರಡೂ ಪಾಳಿಗೆ ಅವನೇ ಆದ್ದರಿಂದ ಅವನೊಬ್ಬನಿಗೆ ಮಾತ್ರ ಹೆಸರು ಉಳಿದಿದೆ.

ಈ ಪಾಳಿಗಳ ವೇಳೆ ಹೇಗೆ ಎಂದಿರಾ? ಬೀಜ ಹುರಿಯುವ ಒಲೆಯ ಮೇಲ್ಗಡೆ ಒಂದು ಪಾಟಿ ತೂಗುಹಾಕಿದ್ದಾನೆ. ಅದರಲ್ಲಿ ಬಳಪದಿಂದ ಬರೆದಿದೆ. ಮೊದಲ ಪಾಳಿ: ಕುಮಟಾ ಬಸ್ಸಿನಿಂದ ಹಾವೇರಿ ಬಸ್ಸಿನವರೆಗೆ. ಎರಡನೇ ಪಾಳಿ: ಹಾವೇರಿ ಬಸ್ಸಿನಿಂದ ಸಿದ್ದಾಪುರ ಬಸ್ಸಿನವರೆಗೆ. ಎದುರಿಗೇ ಬಸ್ ಸ್ಟ್ಯಾಂಡ್ ಇರುವಾಗ ಗೋಡೆಗೆ ಗಡಿಯಾರ ಯಾಕೆ ಎಂಬುದು ಅವನ ವಾದ. "ಗಡಿಯಾರಕ್ಕೆ ಕೀಲಿ ಕೊಡೋದು ಮರೆತ್ರೆ ನಿಂತೇ ಹೋಗ್ತು. ಬಸ್ಸಿಗೆ ಕೀಲಿ ಕೊಡಲೆ ಸರ್ಕಾರವೇ ಇದ್ದು!"

ಒಂದು ದಿನ ಹಾವೇರಿ ಬಸ್ಸು ಬರಲಿಲ್ಲ. ಕಮಲಕ್ಕ ಬಂದು ಸೆರಗು ಸಿಕ್ಕಿಸಿ ಒಲೆಯ ಹತ್ತಿರ ನಿಂತಳು. ತಮ್ಮ ಗಲ್ಲಾದಿಂದಲೇ ಕೈ ಅಡ್ಡ ಹಿಡಿದ.

"ಹಾವೇರಿ ಬೈಂದಿಲ್ಲೆ. ನೀ ಇನ್ನೂ ಪಾಳಿಗೆ ಬಂದಾಂಗೆ ಅಲ್ಲ."

"ಆನು ಬಂದು ನಿಂತಿದ್ದೆ, ಕಾಣ್ತಿಲ್ಯನ?" ಎಂದಳು ಕಮಲಕ್ಕ.

"ನೀ ಬಂದಿದ್ದು ಕಾಣ್ತು. ಬಸ್ಸು ಬಂದಿದ್ದು ಕಾಣ್ತಿಲ್ಲೆ."

ನಾನು ಹೋಗುವಂತಿಲ್ಲ, ಅವಳು ಶುರು ಮಾಡುವಂತಿಲ್ಲ. ಕಡೆಗೆ ಕಮಲಕ್ಕ ಏನು ಮಾಡಿದಳು ಗೊತ್ತೇ? ಮೇಜಿಗೆ ಹೋಗಿ ಗಿರಾಕಿಯ ಹಾಗೆ ಕುಳಿತು, "ಒಂದು ಸ್ಟ್ರಾಂಗು!" ಎಂದಳು. ನಾನು ಮಾಡಿಕೊಟ್ಟೆ. ಮುಗಿಸಿ, "ಡಿಕಾಕ್ಷನ್ ತೆಳ್ಳಗಾಜು" ಎಂದು ದೂರು ಬೇರೆ! ಮೂರು ಕಾಫಿ ಕುಡಿದಳು, ಮೂರಕ್ಕೂ ದೂರು.

ಸಂಜೆಯ ಹೊತ್ತಿಗೆ ಒಂದು ಬಸ್ಸು ಬಂತು. ಬೋರ್ಡು ನೋಡಿದರೆ ಹುಬ್ಬಳ್ಳಿ! ಹಾವೇರಿ ಬಸ್ಸಿನ ಟಯರು ದಾರಿಯಲ್ಲಿ ಪಂಚರ್ ಆಗಿ, ಜನರನ್ನೆಲ್ಲ ಇದಕ್ಕೆ ಹತ್ತಿಸಿ ತಂದಿದ್ದರು. ಈಗ ಇದು ಹಾವೇರಿ ಬಸ್ಸು ಹೌದೋ ಅಲ್ಲವೋ? ತಮ್ಮ ಕಂಡಕ್ಟರನನ್ನೇ ಅಂಗಡಿಗೆ ಕರೆಸಿ ಕೋರ್ಟಿನಲ್ಲಿ ಸಾಕ್ಷಿ ಕೇಳುವ ಹಾಗೆ ಕೇಳಿದ.

"ಬಸ್ಸ ಯಾವುದಾದ್ರೇನ್ರೀ, ಕಂಡಕ್ಟರ ನಾನ ಇದೀನಲ್ಲ! ಮಂದಿನೂ ಅವರ," ಎಂದ ಆತ. ನನ್ನ ಕಡೆ ಒಮ್ಮೆ ನೋಡಿ, "ಪಾಪ, ಆ ಅಕ್ಕಾರ್ನ ಬಿಡ್ರಿ ಮನಿಗೆ" ಎಂದೂ ಸೇರಿಸಿದ. ತಮ್ಮ ಸಾಕ್ಷಿ ಒಪ್ಪಿ ನನ್ನನ್ನು ಬಿಟ್ಟ. ದೇವರು ಆ ಕಂಡಕ್ಟರನನ್ನು ಚೆನ್ನಾಗಿಟ್ಟಿರಲಿ!

ಹಾಗಾದರೆ ಪಾಳಿ ಬದಲಿಸಿಕೊಳ್ಳಲು ದಾರಿಯೇ ಇಲ್ಲವೇ? ಇದೆ. ತಮ್ಮ ಅಷ್ಟು ಕಟುಕನಲ್ಲ. ಅವರವರಲ್ಲೇ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಬಾಯಿಮಾತು ನಡೆಯುವುದಿಲ್ಲ. ಮದುವೆ ನಿಶ್ಚಯದಂತೆ ಎದುರುಬದುರು ಕುಳಿತು, ಅವನ ಎದುರಿಗೇ ಕವಳ ಹಾಕಬೇಕು. ನಮ್ಮ ಕಡೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮಾತು ಕೊಟ್ಟರೆ ಮುಗಿಯಿತಲ್ಲ, ಆ ಪದ್ಧತಿಯನ್ನು ಇವನು ಕಾಫಿ ಅಂಗಡಿಗೆ ತಂದಿಟ್ಟಿದ್ದಾನೆ. "ಕವಳ ಹಾಕಿದ ಪಾಳಿ ಬ್ರಹ್ಮ ಬಂದ್ರೂ ಬದ್ಲಾಗ್ತಿಲ್ಲೆ!"

ಬಸಣ್ಣನಿಗೆ ಕವಳದ ಅಭ್ಯಾಸವಿಲ್ಲ. ಒಮ್ಮೆ ಅವನು ನನ್ನೊಡನೆ ಅರ್ಧ ದಿನದ ಬದಲಿ ಕೇಳಿದ. ಗ್ಲಾಸು ನಾನು ಹಂಚಬೇಕು, ಮರುದಿನ ಅವನು ಡಿಕಾಕ್ಷನ್ ನೋಡಿಕೊಳ್ಳಬೇಕು. ತಮ್ಮ ತನ್ನ ತಟ್ಟೆಯಿಂದಲೇ ಒಂದು ಕವಳ ಕಟ್ಟಿಕೊಟ್ಟ, ತಂಬಾಕು ಸಹಿತ. ಅಗಿದು ಎರಡು ನಿಮಿಷಕ್ಕೆ ಬಸಣ್ಣನ ಮೀಸೆ ಬೆವರಿತು. "ಅಕ್ಕಾರ, ಅಂಗಡಿ ತಿರಗಾಕತ್ತೈತ್ರಿ!" ಎಂದು ಬೀಜದ ಚೀಲದ ಮೇಲೆ ಒರಗಿದವ ಅವತ್ತಿನ ದಿನವೆಲ್ಲ ಅಲ್ಲೇ ಮಲಗಿದ. ಬದಲಿ ಕೇಳಿದ್ದು ಎತ್ತಿನ ಪೇಟೆಗೆ ಹೋಗಲಿಕ್ಕೆ. ಎತ್ತೂ ಇಲ್ಲ, ಪೇಟೆಯೂ ಇಲ್ಲ! ಆದರೂ ಕವಳ ಹಾಕಿಯಾಗಿತ್ತಲ್ಲ, ಗ್ಲಾಸು ನಾನೇ ಹಂಚಿದೆ.

ಇಂಥ ಅಂಗಡಿಯಲ್ಲಿ ಇದ್ದುಕೊಂಡು ನಾನು ಅಜ್ಜಿಯಾಗಲು ಹೊರಟೆ ನೋಡಿ.

ಸೊಸೆ ಚೊಚ್ಚಲ ಬಾಣಂತನಕ್ಕೆ ಉಮ್ಮಚಗಿಯ ತವರಿಗೆ ಹೋಗಿದ್ದಳು. ಹೆರಿಗೆ ಯಲ್ಲಾಪುರದ ಆಸ್ಪತ್ರೆಯಲ್ಲಿ ಎಂದು ಮಾತಾಗಿತ್ತು. ಹೋಗುವಾಗ ನನ್ನ ಕೈ ಹಿಡಿದು, "ಅತ್ತೇ, ಎಂಗೆ ಹೆದ್ರಿಕೆ ಆಗ್ತು. ಆ ಹೊತ್ತಿಗೆ ನೀ ಇರವು" ಎಂದಿದ್ದಳು. ತಾಯಿ ಇದ್ದೂ ನನ್ನನ್ನು ಕೇಳಿದ್ದಳು! ಯಾವ ಅತ್ತೆಗೆ ಈ ಭಾಗ್ಯ? ನಾನು "ಇದ್ದೇ ಇರ್ತೆ" ಎಂದು ಮಾತು ಕೊಟ್ಟೆ. ಕೊಟ್ಟು ಬಂದು ತಮ್ಮನ ಎದುರು ನಿಂತೆ.

"ಯಾವ ದಿನ?" ಎಂದ, ಬಳಪ ಹಿಡಿದು.

"ಡಾಕ್ಟರು ಹದಿನೈದು ದಿನದಲ್ಲಿ ಯಾವತ್ತಾದ್ರೂ ಆಗ್ಲಕ್ಕು ಹೇಳಿದ್ದ."

"ಯಾವತ್ತಾದ್ರೂ ಹೇಳಿ ಪಾಟಿಯಲ್ಲಿ ಬರೆಯೋದು ಹ್ಯಾಂಗೆ? ಯಾವ ಬಸ್ಸಿನ ಹೊತ್ತಿಗೆ ಹೇಳಾದ್ರೂ ಹೇಳು."

"ಶಿಶು ಬಸ್ಸು ನೋಡ್ಕ್ಯಂಡು ಹುಟ್ತನೋ ಮಾರಾಯ!"

"ಶಿಸ್ತಿನ ಶಿಶು ಆದ್ರೆ ಹುಟ್ತು," ಎಂದ. ಆದರೂ ಬಳಪವನ್ನು ಎರಡು ಸಲ ಪಾಟಿಯ ಹತ್ತಿರ ಒಯ್ದು, ಎರಡು ಸಲವೂ ಏನೂ ಬರೆಯದೆ ಇಳಿಸಿದ.

ಇನ್ನು ನನ್ನ ಬುದ್ಧಿ ಕೇಳಿ. ಆ ಹದಿನೈದು ದಿನದೊಳಗೇ ಸೋಂದಾದಲ್ಲಿ ಕಮಲಕ್ಕನ ತಂಗಿಯ ಮಗಳ ಮದುವೆ. ಎರಡು ದಿನ ಎರಡೂ ಪಾಳಿ ನಾನೇ ಮಾಡುತ್ತೇನೆ ಎಂದು ಒಂದು ತಿಂಗಳ ಮೊದಲೇ ಕವಳ ಹಾಕಿಬಿಟ್ಟಿದ್ದೆ! ಕಮಲಕ್ಕ ಮದುವೆಗೆ ಹೋದಳು. ಎರಡನೇ ದಿನ, ಅಂಗಡಿಯ ತುಂಬ ಜನ ಇರುವಾಗ, ಪಕ್ಕದ ಎಸ್‌ಟಿಡಿ ಬೂತಿನವರು ಕೂಗಿದರು. ಓಡಿದೆ. ಬೀಗಿತ್ತಿಯ ಧ್ವನಿ: "ನೋವು ಶುರುವಾಜು. ಆಸ್ಪತ್ರೆಗೆ ಕರ್ಕಂಡು ಬೈಂದ್ಯ. ಮಗಳು ನಿನ್ನೇ ಕೇಳ್ತು."

ಬಂದು ತಮ್ಮನಿಗೆ ಹೇಳಿದೆ. ಅವನು ಪಾಟಿ ನೋಡಿದ.

"ಕಮಲಕ್ಕ ಇಲ್ಲೆ," ಎಂದ.

"ಗೊತ್ತಿದ್ದು."

"ಕವಳ ಹಾಕಿದ್ದೆ ನೀನು."

"ಹಾಕಿದ್ದೆ."

ಒಲೆಯ ಹತ್ತಿರ ಹೋಗಿ ಡಿಕಾಕ್ಷನ್ನಿನ ಚೀಲ ಹಿಂಡತೊಡಗಿದೆ. ಅರ್ಧ ಪಾತ್ರೆಗೆ ಬಿತ್ತು, ಅರ್ಧ ಕಾಲಿಗೆ ಬಿತ್ತು. ಬಿಸಿ ಗೊತ್ತಾಗಲಿಲ್ಲ. ಸೊಸೆ ಹೆದರಿ ಬಾಗಿಲು ನೋಡುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಆಗ ಹಿಂದಿನಿಂದ ಗಡಗಡ ಸದ್ದು. ತಿರುಗಿದರೆ, ನನ್ನ ತಮ್ಮ ನಡುಹಗಲಲ್ಲಿ ಅಂಗಡಿಯ ಶಟರ್ ಅರ್ಧ ಎಳೆದು ನಿಂತಿದ್ದಾನೆ!

"ಎಲ್ಲಾ ಏಳಿ, ಏಳಿ! ಅಂಗಡಿ ಮುಚ್ಚಿತು!"

"ಅರ್ಧವೂ ಕುಡಿದಿಲ್ಲವಲ್ಲ ಮಾರಾಯ್ರೆ!" ಎಂದರು ಗಿರಾಕಿಗಳು.

"ಗ್ಲಾಸು ಮನೆಗೆ ತಗಂಡು ಹೋಗಿ ಕುಡೀರಿ, ನಾಳೆ ತಂದುಕೊಡಿ!"

ಹಾಗೆ ಶಿರಸಿಯ ರಸ್ತೆಯಲ್ಲಿ ಏಳೆಂಟು ಜನ ದೊಡ್ಡ ಮನುಷ್ಯರು ಹಬೆಯಾಡುವ ಗ್ಲಾಸು ಹಿಡಿದು ನಡೆದರು. ಒಬ್ಬರು ಅದೇ ಗ್ಲಾಸು ಹಿಡಿದು ಬ್ಯಾಂಕಿಗೂ ಹೋದರಂತೆ! ಬಸಣ್ಣ ಬೆರಗಾಗಿ, "ಸಾವ್ಕಾರ್ರ, ಯಾವ ಪಾಳಿ ಮುಗೀತ್ರಿ ಇದು?" ಎಂದು ಕೇಳಿದ. ಉತ್ತರ ಕೊಡಲು ತಮ್ಮ ಅಲ್ಲಿರಲಿಲ್ಲ. ರಸ್ತೆಯ ಮಧ್ಯೆ ಎರಡೂ ಕೈ ಎತ್ತಿ, ಯಲ್ಲಾಪುರದ ಕಡೆ ಹೊರಟ ಅಡಿಕೆ ಲಾರಿಗೆ ಅಡ್ಡ ನಿಂತಿದ್ದ.

"ಸಾಯೋಕೆ ಬಂದ್ಯಾ?" ಎಂದು ಬೈದ ಡ್ರೈವರು.

"ಅಲ್ದೋ, ಹುಟ್ಟೋದು ನೋಡಲೆ ಹೊರಟಿದ್ಯ!" ಎಂದು ನನ್ನನ್ನು ದೂಡಿ ಹತ್ತಿಸಿ, ತಾನೂ ಹತ್ತಿದ. ದಾರಿಯುದ್ದಕ್ಕೂ ಆ ಡ್ರೈವರನಿಗೆ ಇವನದೇ ಉಪದೇಶ. ಇಳಿಜಾರಿನಲ್ಲಿ ನಿಧಾನ ಯಾಕೆ, ಏರಿನಲ್ಲಿ ನಿಧಾನ ಯಾಕೆ, ದನ ಅಡ್ಡ ಬಂದರೆ ದನಕ್ಕೆ ಬುದ್ಧಿ ಇಲ್ಲವೇ! ಯಲ್ಲಾಪುರ ಮುಟ್ಟುವಷ್ಟರಲ್ಲಿ ಡ್ರೈವರು ನನಗಿಂತ ಹೆಚ್ಚು ದೇವರ ಹೆಸರು ಹೇಳಿದ್ದ.

ಮುಟ್ಟಿದೆವು. ಸೊಸೆ ನನ್ನ ಕೈಯನ್ನು ಬಳೆ ಒಡೆಯುವಂತೆ ಹಿಡಿದಳು. ಒಡೆದರೆ ಒಡೆಯಲಿ! ಸ್ವಲ್ಪ ಹೊತ್ತಿಗೆಲ್ಲ ನನ್ನ ಮೊಮ್ಮಗಳು ಇಡೀ ಆಸ್ಪತ್ರೆ ಎದ್ದು ಕೂರುವಂತೆ ಕೂಗಿಕೊಂಡು ಬಂದಳು. ಏನು ಮೂಗು! ಏನು ಕೂದಲು! ಕಾಲಿನ ಬೆರಳುಗಳಂತೂ ತೊಗರಿ ಬೇಳೆ ಜೋಡಿಸಿಟ್ಟಂತೆ!

ಹೊರಗೆ ಬಂದು ನೋಡಿದರೆ ತಮ್ಮ ನಲ್ಲಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದ. ಒಮ್ಮೆ ತೊಳೆದು ಮೂಸಿದ, ಮತ್ತೆ ಸೋಪು ಹಚ್ಚಿದ, ಮತ್ತೆ ಮೂಸಿದ. "ಕಾಫಿ ವಾಸನೆ ಹೋಗ್ತೇ ಇಲ್ಲೆ. ಶಿಶುಗೆ ಘಾಟು ಹತ್ತುಗು," ಎಂದ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಮಡಿಲಲ್ಲಿ ಕೂಸನ್ನಿಟ್ಟೆ. ಅವನು ಮದುವೆಯಾದವನಲ್ಲ. ಮಕ್ಕಳನ್ನು ಎತ್ತಿ ಗೊತ್ತಿಲ್ಲ. ತುಂಬಿದ ಗ್ಲಾಸು ಹಿಡಿದವರ ಹಾಗೆ ಉಸಿರು ಬಿಗಿಹಿಡಿದು, ಮಿಸುಕಾಡದೆ ಕುಳಿತ. 

ಆಮೇಲೆ, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ, "ಅಕ್ಕಾ, ಇದು ದೊಡ್ಡಾದ ಮೇಲೆ ಎನ್ನ ಎಂತ ಹೇಳಿ ಕರೀತು?" ಎಂದ.

"ಎಂತ ಹೇಳಿ ಕರೀತು? ಅಜ್ಜ ಹೇಳಿ ಕರೀತು."

"ಎನ್ನ?"

"ನಿನ್ನನ್ನೇಯ."

ಅವನು ಕೂಸಿನ ಮುಖವನ್ನೇ ನೋಡುತ್ತಿದ್ದ. ಕಣ್ಣೀರು ಗಲ್ಲಕ್ಕಿಳಿಯಿತು. ಎರಡೂ ಕೈ ಕೂಸಿನ ಕೆಳಗಿದ್ದವು, ಒರೆಸಿಕೊಳ್ಳಲಿಲ್ಲ. ನನ್ನ ಸೆರಗಿನಿಂದ ನಾನೇ ಒರೆಸಿದೆ.