ಮಾವ ಸುಟ್ಟ ಕಾಲುಂಗುರ

ಏನೇನು ಕೆಡಬಹುದು ಎಂದು ನಾನು ಮೊದಲೇ ಪಟ್ಟಿ ಮಾಡಿಟ್ಟಿದ್ದೆ. ಉಂಗುರ ಒಲೆಯಲ್ಲೇ ಸಿಡಿಯಬಹುದು. ಕರಗಿ ಹರಿಯಬಹುದು. ಮಾವನ ಪಂಚೆಗೆ ಬೆಂಕಿ ಹತ್ತಬಹುದು. ಬಸ್ಸಿನಲ್ಲಿ ಕಳೆದುಹೋಗಬಹುದು. ಧಾರೆಯ ಹೊತ್ತಿಗೆ ಪುಡಿಯಾಗಿ, ಬೀಗರು ಇದೇನು ಮಣ್ಣು ಎಂದು ಕೇಳಬಹುದು. ಮಣ್ಣೇ ಆಗಿತ್ತಲ್ಲ, ಏನು ಹೇಳಲಿ!

ನನ್ನ ಸೋದರಮಾವ ಶ್ರೀರಂಗಪಟ್ಟಣದಲ್ಲಿ ಅಕ್ಕಸಾಲಿ. ನಮ್ಮ ಮನೆಯ ಹೆಣ್ಣುಮಕ್ಕಳ ಕಾಲುಂಗುರವೆಲ್ಲ ಅವರ ಕೈಯದೇ. ಬೆರಳಿಗೆ ದಾರ ಸುತ್ತಿ ಅಳತೆ ತೆಗೆದರೆ ಮುಗಿಯಿತು, ನಲವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ. ಹಿಗ್ಗಿಸಿ ಕುಗ್ಗಿಸಿ ಹಾಕಿಕೊಳ್ಳುವ ಬಾಯಿ ತೆರೆದ ಉಂಗುರ ಕಂಡರೆ ಅವರು ಮುಖ ಕಿವುಚುತ್ತಿದ್ದರು. "ಅಳತೆ ಗೊತ್ತಿಲ್ದೋರು ಮಾಡೋದು ಕಣ್ಲಾ ಅದು." ಒಮ್ಮೆ ಕರಿಘಟ್ಟದ ಗುಡಿಯಿಂದ ಇಳಿದು ಬಂದಾಗ ನನ್ನ ಚಪ್ಪಲಿಯನ್ನೂ ದಾರದಲ್ಲಿ ಅಳೆದು, ಅದು ನನ್ನದಲ್ಲವೆಂದು ಸಾಬೀತು ಮಾಡಿದರು. ಮತ್ತೆ ಬೆಟ್ಟ ಹತ್ತಿದವನು ನಾನು!

ಆದರೆ ನನ್ನ ಮಗಳ ಮದುವೆ ಗೊತ್ತಾಗುವ ಹೊತ್ತಿಗೆ ಮಾವನ ಕೈ ನಡುಗತೊಡಗಿತ್ತು. ಬೆಸುಗೆಯ ಉರಿ ಬೆಳ್ಳಿಯನ್ನು ಬಿಟ್ಟು ಬೆರಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಈ ಸಲ ಅಂಗಡಿಯಲ್ಲೇ ತರೋಣ ಎಂದದ್ದಕ್ಕೆ ಎಂಟು ದಿನ ನನ್ನೊಡನೆ ಮಾತು ಬಿಟ್ಟರು.

ಆಗ ಜಪಾನಿನಿಂದ ಪೊಟ್ಟಣ ಬಂತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಟೆ ನೋಡಲು ಬಂದಿದ್ದ ಹೆಂಗಸೊಬ್ಬರ ತುಂಡಾದ ಸರವನ್ನು ಮಾವ ಹಿಂದೊಮ್ಮೆ ಪುಕ್ಕಟೆ ಸರಿಮಾಡಿಕೊಟ್ಟಿದ್ದರು, ಅದಕ್ಕೆ ಕಾಣಿಕೆ. ಒಳಗೆ ಬೆಳ್ಳಿಯ ಪುಡಿಯನ್ನು ಅಂಟಿನಲ್ಲಿ ಕಲಸಿದ ಜೇಡಿಮಣ್ಣಿನಂಥ ಮುದ್ದೆ. ಕೈಯಲ್ಲಿ ತೀಡಿ, ಒಣಗಿಸಿ, ಸುಟ್ಟರೆ ಅಂಟೆಲ್ಲ ಉರಿದು ಬೆಳ್ಳಿ ಮಾತ್ರ ಉಳಿಯುತ್ತದಂತೆ. ಬೆಸುಗೆಯೇ ಬೇಡ! ಜೊತೆಗಿದ್ದ ಕಾಗದವೆಲ್ಲ ಜಪಾನಿ ಭಾಷೆ. ಮಾವ ಚಿತ್ರಗಳನ್ನು ನೋಡಿ ಎಲ್ಲ ಅರ್ಥವಾಯಿತು, ಮದುವೆಯ ಉಂಗುರ ಇದರಲ್ಲೇ ಎಂದರು. ನನಗೆ ಅಂದಿನಿಂದ ನಿದ್ದೆ ಹೋಯಿತು.

ಪಾಂಡವಪುರದ ನಮ್ಮ ಮನೆಗೆ ಬಂದು, ಮಗಳ ಹೆಬ್ಬೆರಳ ಪಕ್ಕದ ಬೆರಳಿಗೆ ದಾರ ಸುತ್ತಿದರು. ನಡುಗುವ ಕೈಗೆ ಆಸರೆಯಾಗಿ ದಾರದ ತುದಿ ಹಿಡಿದವನು ನಾನೇ.

ಮದುವೆಯ ದಿನ ಬೆಳಿಗ್ಗೆ ನಾಗಮಂಗಲದ ಛತ್ರಕ್ಕೆ ಮಾವನ ಜೊತೆ ಜೋಡಿ ಉಂಗುರ ಬಂತು. ಸಿಡಿದಿರಲಿಲ್ಲ, ಕರಗಿರಲಿಲ್ಲ, ಕಣ್ಣು ಕೋರೈಸುವಂತಿತ್ತು. ಬೆರಳಿನ ಗೆಣ್ಣು ದಾಟಲಿಲ್ಲ, ಅಷ್ಟೆ. ಸುಟ್ಟರೆ ಮಣ್ಣು ಕುಗ್ಗುತ್ತದೆ ಎಂದು ಯಾವ ಕುಂಬಾರನಾದರೂ ಹೇಳುತ್ತಿದ್ದ. ಮಾವ ಜೀವಮಾನವಿಡೀ ಲೋಹ ಮುಟ್ಟಿದವರು.

ಬೀಗಿತ್ತಿ ಮೆಲ್ಲಗೆ ತಮ್ಮ ಚೀಲದಿಂದ ಅಂಗಡಿಯ ಜೋಡಿಯೊಂದನ್ನು ತೆಗೆದರು. ಮಾವ ಜೇಬಿನಿಂದ ದಾರ ತೆಗೆದು ನೋಡುತ್ತ ಕೂತರು. "ಅಳತೆ ತಪ್ಪೋಯ್ತಲ್ಲವ್ವ."

ಮಗಳು ಮಾವನ ಎರಡೂ ಉಂಗುರಗಳನ್ನು ಕಾಲಿನ ಕಿರುಬೆರಳುಗಳಿಗೆ ಏರಿಸಿದಳು. ಸರಿಯಾಗಿ ಕೂತವು. "ತಪ್ಪಿಲ್ಲ ಕಣ್ತಾತ. ಅವತ್ತು ನಾನೇ ಕಿರುಬೆರಳು ಕೊಟ್ಬುಟ್ಟಿದ್ದೆ."

ಮಾವ ನನ್ನತ್ತ ತಿರುಗಿದರು. "ಔದೇನ್ಲಾ? ದಾರ ಇಡ್ಕಂಡಿದ್ದೋನು ನೀನಲ್ವಾ?"

"ಹೌದು ಮಾವ," ಎಂದೆ. "ಕಿರುಬೆರಳೇ."

"ಬೆರಳು ಯಾವ್ದು ಅಂತ್ಲೂ ಗೊತ್ತಾಗಲ್ವಲ್ಲೋ ನಿಂಗೆ" ಎಂದು ಎಲ್ಲರೆದುರು ನನ್ನನ್ನು ಬೈದು, ಮಾವ ದಾರವನ್ನು ಜೋಪಾನವಾಗಿ ಸುತ್ತಿ ಜೇಬಿಗಿಟ್ಟುಕೊಂಡರು.