ಕಾರ್ಡಿನ ಮೂಲೆ

ರಾಯದುರ್ಗದ ತಾಲ್ಲೂಕು ಕಚೇರಿಯ ನಕಲು ಗುಮಾಸ್ತ ಸಣ್ಣಬಸಪ್ಪನಿಗೆ ಹೆಂಡತಿ ತವರಿಗೆ ಹೋದದ್ದರ ಬಗ್ಗೆ ತಕರಾರಿರಲಿಲ್ಲ. ಹೋಗುವಾಗ ಅವಳು ಕೇಳಿದ ಪ್ರಶ್ನೆಯ ಬಗ್ಗೆ ಇತ್ತು.

“ಒಬ್ರೇ ಇರ್ತೀರಾ? ಕಷ್ಟ ಆದ್ರೆ ಒಂದು ಕಾರ್ಡ್ ಹಾಕಿ, ಬತ್ತೀನಿ,” ಎಂದಿದ್ದಳು ಗುರುಶಾಂತಮ್ಮ. ಅವಳದು ಮಡಕಶಿರಾ ಕಡೆಯ ಅಮರಾಪುರ. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಒಂದು ತಿಂಗಳ ಮಟ್ಟಿಗೆ ಹೊರಟಿದ್ದಳು.

“ಕಷ್ಟ ಯಾಕ ಆಗ್ತೈತಿ? ಇಡೀ ತಾಲ್ಲೂಕಿನ ಕಾಗದ ನೋಡ್ಕಂತೀನಿ, ಒಂದು ಒಲಿ ನೋಡ್ಕಳಾಕ ಆಗಂಗಿಲ್ಲೇನು? ಕಾರ್ಡೂ ಇಲ್ಲ, ಗೀರ್ಡೂ ಇಲ್ಲ. ನೀ ಹೋಗು.”

ಅವಳು ಹೋದಳು. ಹೋದ ಮೇಲೆ ಮನೆ ದೊಡ್ಡದಾಯಿತು. ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ. ಆದರೂ ಪಡಸಾಲೆಯಲ್ಲಿ ಕೆಮ್ಮಿದರೆ ಅಡುಗೆಮನೆ ಈಗ ಉತ್ತರ ಕೊಡುತ್ತಿರಲಿಲ್ಲ. (ಮೊದಲು ಕೊಡುತ್ತಿತ್ತು: “ಕಷಾಯ ಕಾಸ್ಲಾ?”) ಅವಳಿದ್ದಾಗ ರಾಗಿ ಮುದ್ದೆಗೆ ಮೂಗು ಮುರಿದು, ಜೋಳದ ರೊಟ್ಟಿಗಾಗಿ ಘನಘೋರ ಸಮರ ಹೂಡುತ್ತಿದ್ದ ವೀರ, ಈಗ ತಾನೇ ಕೂತು ಮುದ್ದೆ ತಿರುವತೊಡಗಿದ. ಅದು ಗಂಟುಗಂಟಾಗುತ್ತಿತ್ತು, ಉಣ್ಣುತ್ತಿದ್ದ. ಎದುರಿಗೆ ಅವಳ ಮಣೆ ಹಾಕಿಕೊಂಡು ಉಣ್ಣುವ ಅಭ್ಯಾಸವೂ ಶುರುವಾಯಿತು. ಯಾರಾದರೂ ಬಂದರೆ ಥಟ್ಟನೆ ಮಣೆಯನ್ನು ಗೋಡೆಗೆ ಒರಗಿಸಿಬಿಡುತ್ತಿದ್ದ. ತನಗಾಗಿರುವುದು ಒಂಟಿತನ ಎಂದು ಅವನಿಗೆ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಮೇಲಿನಿಂದ ಹುಕುಂ ಬಂದಿರಲಿಲ್ಲ.

ಒಂದು ತಿಂಗಳು ಎರಡಾಯಿತು. ಕಾರ್ಡು ಬರಲಿಲ್ಲವಾದ್ದರಿಂದ ಗಂಡ ಸುಖವಾಗಿದ್ದಾನೆಂದು ಅವಳು ಅಲ್ಲೇ ಉಳಿದಳು. ಆಗ ಸಣ್ಣಬಸಪ್ಪನಿಗೆ ಒಂದು ದಿವ್ಯ ಉಪಾಯ ಹೊಳೆಯಿತು. ಅವಳನ್ನು ಬಾ ಎನ್ನಬೇಕಾಗಿಯೇ ಇಲ್ಲ. ಬರಬೇಡ ಎಂದರೆ ಸಾಕು. ಹನ್ನೊಂದು ವರ್ಷದಲ್ಲಿ ಬೇಡ ಎಂದದ್ದನ್ನು ಅವಳು ಮಾಡದೆ ಬಿಟ್ಟದ್ದುಂಟೆ?

ಪಡಸಾಲೆ ಬಿಕೋ ಎನ್ನುತ್ತಿದ್ದರಿಂದ ಒಲೆಯ ಮುಂದೆಯೇ ಕಾರ್ಡು ಹಿಡಿದು ಕೂತ. ಒಂದು ಸಾಲು ಬರೆಯುವುದು, ಒಲೆ ಊದುವುದು, ಎಸರಿನ ಮಡಕೆ ಸರಿಸುವುದು, ಮತ್ತೊಂದು ಸಾಲು ಬರೆಯುವುದು. ಬರೆದು ಮುಗಿದಾಗ ಹೆಬ್ಬೆರಳಿಗೆ ಹತ್ತಿದ ಮಡಕೆಯ ಮಸಿ ಕಾರ್ಡಿನ ಒಂದು ಮೂಲೆಯಲ್ಲಿ ಸೊಗಸಾಗಿ ಮೂಡಿತ್ತು. ಅವನು ಅಕ್ಷರಗಳನ್ನು ಎರಡು ಸಲ ತಿದ್ದಿದ, ಮೂಲೆಯನ್ನು ನೋಡಲಿಲ್ಲ.

ಮೂಲೆ ಕಪ್ಪಾದ ಕಾಗದವೆಂದರೆ ಸಾವಿನ ಸುದ್ದಿ. ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಕಾಗದದಲ್ಲೇ ಕೂದಲು ನರೆಸಿಕೊಂಡ ಗುಮಾಸ್ತನಿಗೆ ಮಾತ್ರ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಭಾನುವಾರ ಮಧ್ಯಾಹ್ನ ಮುದ್ದೆಯನ್ನು ಇನ್ನೇನು ಸಾರಿಗೆ ಅದ್ದಬೇಕು, ಬೀದಿಯಲ್ಲಿ ಗೋಳೋ ಎಂಬ ದನಿ ಕೇಳಿಸಿತು. ಪಾಪ, ಯಾರೋ ಹೋದರು ಎಂದುಕೊಳ್ಳುವಷ್ಟರಲ್ಲಿ ಗೋಳು ಅವನ ಹೊಸ್ತಿಲನ್ನೇ ದಾಟಿತು. ಮಾವ ಬೊಮ್ಮಪ್ಪನವರು, ಅವರ ಹಿಂದೆ ಏಳು ಜನ ನೆಂಟರು, ಎಲ್ಲರ ಮುಂದೆ ಗುರುಶಾಂತಮ್ಮ. ಯುದ್ಧದ ಕಾಲದ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಬಂದಿದ್ದರಿಂದ ಒಂಬತ್ತು ಮುಖಗಳೂ ಕಪ್ಪಗಾಗಿದ್ದವು. ಕಣ್ಣೀರು ಹರಿದ ಕಡೆ ಮಾತ್ರ ಬಣ್ಣ ತಿಳಿಯುತ್ತಿತ್ತು.

ಮುದ್ದೆ ಉಣ್ಣುತ್ತಿದ್ದ ಹೆಣವನ್ನು ಎಲ್ಲರೂ ನೋಡಿದರು. ಗೋಳು ನಿಂತಿತು.

“ಬರ್ರಿ ಮಾವ,” ಎಂದ ಸಣ್ಣಬಸಪ್ಪ.

ಬೊಮ್ಮಪ್ಪನವರು ಅಲ್ಲೇ ಕುಸಿದು ಕೂತರು. “ಕರಿ ಕಾಗದ ಬಂತಲ್ಲಪ್ಪಾ. ಈ ಮನೇಲಿ ಇದ್ದೋನು ನೀನೊಬ್ಬನೇ. ಇನ್ಯಾರು ಅಂತ ತಿಳ್ಕಳಾನ?”

“ಬರದಾನೂ ನಾನೇ ಅಲ್ರಿ. ಸತ್ತಾನು ಹೆಂಗ ಬರೀತಾನ?”

“ನೀವು ಎಲ್ಲಾ ಮುಂಚೇನೇ ಬರ್ದಿಡೋರಲ್ವಾ,” ಎಂದಳು ಗುರುಶಾಂತಮ್ಮ, ಕಣ್ಣೊರಸಿಕೊಳ್ಳುತ್ತ. ಆಮೇಲೆ ಎದುರಿಗಿದ್ದ ತನ್ನ ಮಣೆಯನ್ನು ನೋಡಿದಳು, ತಟ್ಟೆಯಲ್ಲಿದ್ದ ಗಂಟು ಮುದ್ದೆಯನ್ನು ನೋಡಿದಳು. ದನಿ ಮೆತ್ತಗಾಯಿತು. “ಮೇಷ್ಟ್ರು ಊರಲ್ಲಿರ್ಲಿಲ್ಲ, ಓದ್ಸೋಕಾಗ್ಲಿಲ್ಲ. ಏನು ಬರ್ದಿದ್ರಿ?”

ಎಂಥ ಗಳಿಗೆ. ಬೇಕಾದವಳು ಬಂದಿದ್ದಳು, ಕರೆಸಿಕೊಳ್ಳದೆಯೇ. ಸಣ್ಣಬಸಪ್ಪ ನೆಲ ನೋಡುತ್ತ, “ನೀ ಇಲ್ದ ಬ್ಯಾಸರಾಗೈತಿ, ಲಗೂನ ಬಾ ಅಂತ ಬರ್ದಿದ್ದೆ,” ಎಂದ. ಅವನ ಬಾಳಿನಲ್ಲಿ ಅಷ್ಟು ನಿಜವಾದ ಸುಳ್ಳನ್ನು ಅವನು ಹೇಳಿರಲಿಲ್ಲ.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಗದ್ದಲ ಕೇಳಿ ಪಕ್ಕದ ಮನೆಯ ಮುದ್ದಪ್ಪ ಬಂದಿದ್ದ; ಓದು ಬಲ್ಲವನು, ಸಹಾಯ ಮಾಡುವ ಚಟದವನು. ಬೊಮ್ಮಪ್ಪನವರು ರುಮಾಲಿನ ಮಡಿಕೆಯಿಂದ ಕಾರ್ಡು ತೆಗೆದು ಅವನ ಕೈಗಿಟ್ಟರು. ಮುದ್ದಪ್ಪ ಗಂಟಲು ಸರಿಮಾಡಿಕೊಂಡು ಬೀದಿಗೆಲ್ಲ ಕೇಳುವಂತೆ ಓದಿದ:

“ಉಭಯಕುಶಲೋಪರಿ. ಇಲ್ಲಿ ಸರ್ವರೂ ಕ್ಷೇಮ. ಯಾವ ಕೊರತೆಯೂ ಇರುವುದಿಲ್ಲ. ನೀನು ಅವಸರಪಟ್ಟು ಬರತಕ್ಕದ್ದಿಲ್ಲ. ಯುಗಾದಿಯವರೆಗೂ ಅಲ್ಲಿಯೇ ಇರಬಹುದಾಗಿದೆ.”

ಸರ್ವರೂ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಗುರುಶಾಂತಮ್ಮ ತುಟಿ ಬಿಗಿದುಕೊಂಡು ಒಳಗೆ ಹೋಗಿ ಎಲ್ಲರಿಗೂ ಅಡುಗೆ ಮಾಡಿದಳು. ಊರಲ್ಲಿ ಬಾಣಂತಿಯನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದರು. ಮರುದಿನ ಬೆಳಿಗ್ಗೆ ಒಂಬತ್ತು ಜನವೂ ಬಸ್ಸಿಗೆ ಹೊರಟರು.

“ಕ್ಷೇಮವಾಗಿರೋರಿಗೆ ನಾನ್ಯಾಕೆ?” ಎಂದಳು ಬಸ್ಸು ಹತ್ತುವಾಗ. ಒಂದು ಮಾತು ಹೇಳಿದ್ದರೆ ಇಳಿಯುತ್ತಿದ್ದಳು. ಎಂಟು ಜನ ನೋಡುತ್ತಿದ್ದರು. ಸಣ್ಣಬಸಪ್ಪ, “ಕಿಟಕಿ ಕಡೆ ಕುಂದ್ರು,” ಎಂದ.

ಮನೆಗೆ ಬಂದರೆ ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಅದನ್ನು ನೋಡಿ ಅವನಿಗೆ ಅಳು ಬಂತು, ಸುಮ್ಮನೆ ಅತ್ತ. ಅತ್ತ ಮೇಲೆ ಕೈ ತೊಳೆದು, ಒಲೆಯಿಂದ ಏಳು ಮಾರು ದೂರ ಕೂತು, ಕಚೇರಿಯ ಭಾಷೆಯನ್ನು ಬಿಟ್ಟು ಬರೆದ: “ನೀನಿಲ್ಲದೆ ನನಗೆ ಆಗುವುದಿಲ್ಲ. ಒಬ್ಬನೇ ಉಣ್ಣಲಾರೆ. ಬಾ.” ಈ ಸಲ ಯಾರೂ ಹೆದರಬಾರದೆಂದು ನಾಲ್ಕೂ ಮೂಲೆಗೆ ಧಾರಾಳವಾಗಿ ಅರಿಶಿನ ಹಚ್ಚಿದ.

ಐದನೆಯ ದಿನ ಬಸ್ಸು ನಿಂತಿತು. ಕ್ಷೌರ ಮಾಡಿಸಿಕೊಂಡು ಕಾಯುತ್ತಿದ್ದ ಸಣ್ಣಬಸಪ್ಪನ ಮುಂದೆ ಬೊಮ್ಮಪ್ಪನವರು ಮಡಿ ಪಂಚೆಯುಟ್ಟು, ತೆಂಗಿನಕಾಯಿ ಹಿಡಿದು ಇಳಿದರು. ಹಿಂದೆ ಏಳು ಜನ, ಹೊಸ ಬಟ್ಟೆಯಲ್ಲಿ, ನಗುನಗುತ್ತ. ಅವನು ಬಸ್ಸಿನೊಳಗೆ ಇಣುಕಿದ. ಸೀಟುಗಳು ಖಾಲಿ.

“ಗುರುಶಾಂತಿ ಎಲ್ಲಿ?”

“ಬಾಣಂತಿ ಹತ್ರ ಯಾರಾನ ಇರ್ಬೇಕಲ್ಲಪ್ಪ. ನೀವು ಹೋಗ್ಬನ್ನಿ ಅಂದ್ಳು. ಏನು ಶುಭ ಸಮಾಚಾರ?”

“ಕಾರ್ಡು ಓದಸ್ಲಿಲ್ಲೇನ್ರಿ ಮಾವ?”

“ಅರಿಶಿನ ಕಂಡ್ಮೇಲೆ ಓದೋದೇನು? ನೀನು ಬರೆಯೋದು ನಮ್ಗೊತ್ತಿಲ್ವಾ? ಅವ್ಳೇ ಇಸ್ಕಂಡು ಸೆರಗಿಗೆ ಗಂಟು ಹಾಕ್ಕಂಡವ್ಳೆ. ಮೇಷ್ಟ್ರು ಬಂದ್ಮೇಲೆ ಚಾವಡೀಲಿ ಎಲ್ಲರ ಮುಂದೆ ಓದಿಸ್ತಾಳಂತೆ.”

ಸಣ್ಣಬಸಪ್ಪ ಎಂಟು ಜನಕ್ಕೂ ಮುದ್ದೆ ತಿರುವಿದ. ಮನೆಯಲ್ಲಿದ್ದದ್ದು ಎರಡೇ ಮಣೆ. ಎದುರಿನ ಮಣೆಯ ಮೇಲೆ ಮಾವ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ತುತ್ತು ಬಾಯಿಗಿಟ್ಟು, “ಗಂಟಾಗೈತಲ್ಲಪ್ಪ,” ಎಂದರು.